ಗೆರೆ ಉಬ್ಬಿದೆಯೇ, ತಗ್ಗಿದೆಯೇ? ಟಂಕಸಾಲೆಯ ತಪ್ಪುಗಳನ್ನು ನಾಣ್ಯದ ಮೇಲೆ ಓದುವ ಕ್ರಮ

ಒಂದು ರೂಪಾಯಿಯ ನಾಣ್ಯದಲ್ಲಿ ಅಂಚಿನಿಂದ ಹೊರಟು ಅಂಕಿಯವರೆಗೆ ಹರಿದ ಸಣ್ಣ ಗೆರೆಯೊಂದು ಕಣ್ಣಿಗೆ ಬಿದ್ದಿದೆ ಎಂದುಕೊಳ್ಳೋಣ. ಅದು ಟಂಕಸಾಲೆಯಲ್ಲೇ ಮೂಡಿದ್ದೋ, ಜನರ ಕೈಯಲ್ಲಿ ಓಡಾಡುವಾಗ ಬಿದ್ದ ಗೀರೋ ಎಂಬುದನ್ನು ತಿಳಿಯಲು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಗೆರೆ ನಾಣ್ಯದ ಮೈಯಿಂದ ಮೇಲೆದ್ದಿದೆಯೇ, ಒಳಕ್ಕೆ ಕೊರೆದುಕೊಂಡಿದೆಯೇ? ಮೊಳೆಯೋ ಕಲ್ಲೋ ಇನ್ನೊಂದು ನಾಣ್ಯದ ಅಂಚೋ ತಾಗಿದರೆ ಅಲ್ಲಿ ತಗ್ಗು ಬೀಳುತ್ತದೆ. ತಗ್ಗಿನ ಪಕ್ಕಕ್ಕೆ ಲೋಹ ಸ್ವಲ್ಪ ಸರಿದು ನಿಂತಿರಬಹುದು, ಅಷ್ಟೇ. ತಗ್ಗೇ ಇಲ್ಲದ, ಬರಿಯ ಉಬ್ಬಿದ ಗೆರೆ ಮೂಡಬೇಕಾದರೆ ಲೋಹ ಹೋಗಿ ತುಂಬಿಕೊಳ್ಳಲು ಎಲ್ಲೋ ಒಂದು ಬಿರುಕು ಇರಬೇಕು. ಆ ಬಿರುಕು ಇರಲು ಸಾಧ್ಯವಿರುವುದು ನಾಣ್ಯವನ್ನು ಒತ್ತಿದ ಉಕ್ಕಿನ ಅಚ್ಚಿನಲ್ಲಿ ಮಾತ್ರ.

ನಾಣ್ಯದೋಷಗಳ ಅಧ್ಯಯನವೆಲ್ಲ ಈ ಬಗೆಯ ತರ್ಕದ ಮೇಲೆ ನಿಂತಿದೆ. ವಿಚಿತ್ರವಾಗಿ ಕಾಣುವ ಪ್ರತಿ ನಾಣ್ಯವನ್ನೂ ಹಿಡಿದು, ತಯಾರಿಕೆಯ ಯಾವ ಹಂತದಲ್ಲಿ ಏನು ಕೆಟ್ಟರೆ ಇಂಥ ರೂಪ ಬರುತ್ತದೆ ಎಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋಗಬೇಕು. ಉತ್ತರ ಸಿಕ್ಕರೆ ಅದು ಟಂಕಸಾಲೆಯ ತಪ್ಪು. ಯಂತ್ರದ ಯಾವ ಹಂತವೂ ಅಂಥದ್ದನ್ನು ಮಾಡಲಾರದು ಎಂದಾದರೆ, ನಾಣ್ಯ ಎಷ್ಟೇ ವಿಚಿತ್ರವಾಗಿದ್ದರೂ ಅದು ಹೊರಗೆ ಬಂದ ಮೇಲೆ ಹಾಳಾದದ್ದು ಅಥವಾ ಹಾಳುಮಾಡಿದ್ದು. ಆದ್ದರಿಂದ ದೋಷಗಳ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ನಾಣ್ಯ ಹೇಗೆ ತಯಾರಾಗುತ್ತದೆ ಎಂಬುದನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಲೋಹದ ಉದ್ದನೆಯ ಹಾಳೆಯನ್ನು ಬೇಕಾದ ದಪ್ಪಕ್ಕೆ ಉರುಳೆಗಳ ನಡುವೆ ಲಟ್ಟಿಸಿ, ಅದರಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಗಳನ್ನು ಕಾಯಿಸಿ ಮೆದುಮಾಡಿ, ತೊಳೆದು, ಅವುಗಳ ಸುತ್ತಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಇನ್ನೊಂದು ಕಡೆ ಅಚ್ಚುಗಳು ಸಿದ್ಧವಾಗುತ್ತವೆ. ವಿನ್ಯಾಸವು ಉಬ್ಬಾಗಿರುವ ಹಬ್ ಎಂಬ ಉಕ್ಕಿನ ಮೂಲರೂಪವನ್ನು ಮೆದು ಉಕ್ಕಿನ ತುಂಡಿನೊಳಗೆ ಒತ್ತಿದಾಗ, ಅದೇ ವಿನ್ಯಾಸ ತಗ್ಗಾಗಿ ಮೂಡಿದ ಅಚ್ಚು ಸಿಗುತ್ತದೆ. ಅದನ್ನು ಕಾಯಿಸಿ ಗಟ್ಟಿಮಾಡಿ ಪ್ರೆಸ್ಸಿಗೆ ಜೋಡಿಸುತ್ತಾರೆ. ಪ್ರೆಸ್ಸಿನಲ್ಲಿ ಮೇಲೊಂದು ಕೆಳಗೊಂದು ಅಚ್ಚು, ಅವುಗಳ ನಡುವೆ ಬಿಲ್ಲೆಯನ್ನು ಸುತ್ತುವರಿದು ಹಿಡಿಯುವ ಕಾಲರ್ ಎಂಬ ಉಂಗುರ. ಒತ್ತಡ ಬಿದ್ದ ಕ್ಷಣದಲ್ಲಿ ಲೋಹ ಹರಿದು ಅಚ್ಚಿನ ತಗ್ಗುಗಳನ್ನೆಲ್ಲ ತುಂಬುತ್ತದೆ, ಪಕ್ಕಕ್ಕೆ ಹಿಗ್ಗಿ ಕಾಲರಿಗೆ ತಾಗಿ ನಿಲ್ಲುತ್ತದೆ. ನಾಣ್ಯದ ನಿಖರವಾದ ಅಗಲ ಮತ್ತು ಅಂಚಿನ ಮೇಲಿನ ಗೀರುಸಾಲು ಸಾಮಾನ್ಯವಾಗಿ ಕಾಲರಿನಿಂದಲೇ ಬರುತ್ತವೆ. ಇಂದಿನ ಪ್ರೆಸ್ಸುಗಳು ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಒತ್ತುತ್ತವೆ. ಅಂಥ ವೇಗದಲ್ಲಿ ಏನಾದರೂ ತಪ್ಪಿದರೆ ಅದನ್ನು ಯಾರಾದರೂ ಗಮನಿಸುವ ಹೊತ್ತಿಗೆ ತಪ್ಪಿನ ನಾಣ್ಯಗಳು ಒಳ್ಳೆಯ ನಾಣ್ಯಗಳ ರಾಶಿಗೆ ಸೇರಿಹೋಗಿರುತ್ತವೆ.

ಹೀಗೆ ದೋಷ ಹುಟ್ಟಲು ಮೂರು ಎಡೆಗಳಿವೆ: ಬಿಲ್ಲೆ, ಅಚ್ಚು ಮತ್ತು ಒತ್ತುವ ಕ್ರಿಯೆ. ಇವುಗಳ ನಡುವೆ ಬಹಳ ಮುಖ್ಯವಾದ ವ್ಯತ್ಯಾಸವೊಂದಿದೆ. ಅಚ್ಚಿನಲ್ಲಿ ದೋಷವಿದ್ದರೆ ಆ ಅಚ್ಚು ಬದಲಾಗುವವರೆಗೆ ಒತ್ತಿದ ಸಾವಿರಾರು ನಾಣ್ಯಗಳಲ್ಲಿ ಅದೇ ದೋಷ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬರುತ್ತದೆ. ಬಿಲ್ಲೆಯ ದೋಷ ಮತ್ತು ಒತ್ತಿನ ದೋಷಗಳು ಆಯಾ ನಾಣ್ಯಕ್ಕೆ ಮಾತ್ರ ಸೀಮಿತವಾದವು. ಅಂಥ ಇನ್ನೊಂದು ನಾಣ್ಯ ಸಿಕ್ಕರೂ ಅದು ಹೋಲುವುದೇ ಹೊರತು ಅದೇ ಆಗಿರುವುದಿಲ್ಲ. ಅಚ್ಚಿನ ದೋಷವೆಂದು ಯಾರಾದರೂ ಹೇಳಿದರೆ, ಅದೇ ಇಸವಿಯ ಅದೇ ಟಂಕಸಾಲೆಯ ಇನ್ನೊಂದು ನಾಣ್ಯದಲ್ಲಿ ಅದು ಕಂಡಿದೆಯೇ ಎಂದು ಕೇಳಬಹುದು, ಕೇಳಲೇಬೇಕು. ನಾಣ್ಯದಲ್ಲಿ ಒಂದಕ್ಷರ ಮಾಯವಾಗಿದೆ ಎಂಬ ಮಾತಿಗೆ, ಒಂದೇ ರೀತಿ ಮಾಯವಾದ ಎರಡು ನಾಣ್ಯಗಳನ್ನು ಪಕ್ಕದಲ್ಲಿಟ್ಟು ತೋರಿಸುವುದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಅಚ್ಚಿನ ಬಿರುಕಿನಿಂದಲೇ ಆರಂಭಿಸೋಣ. ಲಕ್ಷಗಟ್ಟಲೆ ಏಟು ತಿನ್ನುವ ಉಕ್ಕಿನಲ್ಲಿ ದಣಿವು ಕೂಡಿಕೊಳ್ಳುತ್ತದೆ. ಭಾರತದಲ್ಲಿ 1988ರಿಂದ ಬಳಕೆಗೆ ಬಂದ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯಗಳ ಲೋಹ ಹಳೆಯ ತಾಮ್ರ-ನಿಕ್ಕಲ್ ಮಿಶ್ರಲೋಹಕ್ಕಿಂತ ಗಟ್ಟಿ, ಆದ್ದರಿಂದ ಅಚ್ಚಿನ ಮೇಲೆ ಬೀಳುವ ಹೊರೆಯೂ ಹೆಚ್ಚು. ಬಿರುಕು ಸಾಮಾನ್ಯವಾಗಿ ಅಂಚಿನ ಕಡೆಯಿಂದ ಶುರುವಾಗಿ ಅಕ್ಷರದಿಂದ ಅಕ್ಷರಕ್ಕೆ ಹಬ್ಬುತ್ತದೆ, ಏಕೆಂದರೆ ಅಚ್ಚಿನಲ್ಲಿ ಆಳವಾಗಿ ಕೊರೆದ ಜಾಗಗಳೇ ದುರ್ಬಲ ಜಾಗಗಳು. ಬಿರುಕು ಬೆಳೆದು ಅಂಚಿನ ಒಂದು ಚೂರು ಸಂಪೂರ್ಣ ಮುರಿದು ಬಿದ್ದರೆ, ಅನಂತರದ ನಾಣ್ಯಗಳಲ್ಲಿ ಆ ಜಾಗ ವಿನ್ಯಾಸವಿಲ್ಲದ ಒಂದು ದಪ್ಪ ಉಬ್ಬಾಗಿ ಅಂಚಿಗೆ ಅಂಟಿಕೊಂಡಂತೆ ಕಾಣುತ್ತದೆ. ಸಂಗ್ರಾಹಕರು ಇದನ್ನು ಕಡ್ ಎನ್ನುತ್ತಾರೆ. ನಿಜವಾದ ಕಡ್‌ಗೆ ಒಂದು ಒಳಸಾಕ್ಷಿ ಇರುತ್ತದೆ: ನಾಣ್ಯದ ಇನ್ನೊಂದು ಬದಿಯಲ್ಲಿ, ಸರಿಯಾಗಿ ಅದರ ಹಿಂದಿನ ಜಾಗದಲ್ಲಿ, ವಿನ್ಯಾಸ ಮಸುಕಾಗಿರುತ್ತದೆ. ಲೋಹವೆಲ್ಲ ಈ ಕಡೆಯ ಖಾಲಿ ಗುಳಿಯನ್ನು ತುಂಬಲು ಹರಿದುಹೋದ ಕಾರಣ ಆ ಕಡೆಯ ಅಚ್ಚಿಗೆ ಎದುರೊತ್ತಡ ಸಿಗುವುದಿಲ್ಲ. ಬೆಸುಗೆಯ ಹನಿಯನ್ನು ಅಂಟಿಸಿ ಕಡ್ ಎಂದು ತೋರಿಸುವವರ ನಾಣ್ಯದಲ್ಲಿ ಈ ಮಸುಕು ಇರುವುದಿಲ್ಲ. ಒಳಗಿನ ಯಾವುದೋ ಅಕ್ಷರದ ಸಂದಿಯಲ್ಲಿ ಅಚ್ಚಿನ ಚಿಕ್ಕ ಚೂರು ಕಿತ್ತುಹೋಗಿ ಬರುವ ಸಣ್ಣ ಉಬ್ಬುಚುಕ್ಕೆಗಳು ಬಹಳ ಸಾಮಾನ್ಯ, ಅವುಗಳಿಗೆ ಹೆಚ್ಚಿನ ಮಹತ್ವವಿಲ್ಲ.

ಬಿಲ್ಲೆ ಬರುವುದು ತಪ್ಪಿದಾಗ ಎರಡು ಅಚ್ಚುಗಳು ಒಂದಕ್ಕೊಂದು ನೇರವಾಗಿ ಬಡಿದುಕೊಳ್ಳುತ್ತವೆ. ಆಗ ಒಂದರ ವಿನ್ಯಾಸದ ಹೊರರೇಖೆ ಇನ್ನೊಂದರ ಮೇಲೆ ಅಚ್ಚೊತ್ತುತ್ತದೆ. ಅಚ್ಚಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ನಾಣ್ಯದ ಖಾಲಿ ಬಯಲಾಗುವ ಭಾಗ, ಹಾಗಾಗಿ ಬಡಿತದ ಗುರುತು ಪೂರ್ತಿ ಚಿತ್ರವಾಗಿ ಬಾರದೆ, ಚಿತ್ರದ ಸುತ್ತಿನ ಗೆರೆಯಾಗಿ ಮಾತ್ರ, ಎಡಬಲ ತಿರುವುಮುರುವಾಗಿ ಬರುತ್ತದೆ. ಸಿಂಹಲಾಂಛನದ ಬಾಹ್ಯರೇಖೆ ಮೌಲ್ಯದ ಅಂಕಿಯ ಹಿಂದೆ ಮಸುಕಾಗಿ ಕಂಡರೆ ಅದು ಇಂಥ ಬಡಿತದ ಗುರುತಿರಬಹುದು. ಪರೀಕ್ಷಿಸುವ ಬಗೆ ಸುಲಭ: ಎರಡೂ ಬದಿಗಳ ಫೋಟೋ ತೆಗೆದು, ಒಂದನ್ನು ಕನ್ನಡಿಬಿಂಬವಾಗಿ ತಿರುಗಿಸಿ ಇನ್ನೊಂದರ ಮೇಲೆ ಹೊಂದಿಸಿ ನೋಡಬೇಕು. ಗೆರೆಗಳು ಕೂಡಿದರೆ ಅನುಮಾನವಿಲ್ಲ.

ಇಂಥ ಗುರುತನ್ನು ಅಳಿಸಲು ಕೆಲಸಗಾರರು ಅಚ್ಚನ್ನು ಉಜ್ಜುತ್ತಾರೆ, ಮತ್ತು ಆ ಉಜ್ಜುವಿಕೆಯೇ ಹೊಸ ದೋಷ ಹುಟ್ಟಿಸುವುದುಂಟು. ಅಮೆರಿಕದ ಡೆನ್ವರ್ ಟಂಕಸಾಲೆಯ 1937ರ ಐದು ಸೆಂಟಿನ ಕಾಡೆಮ್ಮೆ ನಾಣ್ಯ ಇದಕ್ಕೆ ಹೆಸರಾಂತ ಉದಾಹರಣೆ. ಅಚ್ಚನ್ನು ಅತಿಯಾಗಿ ಉಜ್ಜಿದ್ದರಿಂದ ಕಾಡೆಮ್ಮೆಯ ಒಂದು ಮುಂಗಾಲು ಅಳಿಸಿಹೋಗಿ ಮೂರು ಕಾಲಿನ ಪ್ರಾಣಿ ಉಳಿಯಿತು. ಈ ನಾಣ್ಯಕ್ಕೆ ದೊಡ್ಡ ಬೆಲೆ ಬಂದಂತೆ, ನಾಲ್ಕು ಕಾಲಿರುವ ಸಾಮಾನ್ಯ ನಾಣ್ಯದ ಒಂದು ಕಾಲನ್ನು ಅರದಿಂದ ಉಜ್ಜಿ ಮಾರುವವರೂ ಬಂದರು. ಆದರೆ ಅಸಲಿ ಅಚ್ಚಿನಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಚಿಕ್ಕ ಉಬ್ಬುಚುಕ್ಕೆಗಳ ಒಂದು ಸಾಲಿದೆ, ಹಿಂಗಾಲೂ ಹುಳು ತಿಂದಂತೆ ಸವೆದಿದೆ. ಅರದಿಂದ ಲೋಹ ತೆಗೆಯಬಹುದು, ಉಬ್ಬಿದ ಚುಕ್ಕೆಗಳನ್ನು ಸೇರಿಸುವುದು ಅಷ್ಟು ಸುಲಭವಲ್ಲ. ಯಾವ ದೋಷವನ್ನು ಪರೀಕ್ಷಿಸುವಾಗಲೂ ಇಲ್ಲದಿರುವುದರ ಜೊತೆಗೆ ಇರಲೇಬೇಕಾದ ಗುರುತುಗಳನ್ನೂ ಹುಡುಕಬೇಕು ಎಂಬುದನ್ನು ಈ ನಾಣ್ಯ ಬಹಳ ಸ್ಪಷ್ಟವಾಗಿ ಕಲಿಸುತ್ತದೆ.

ಅಕ್ಷರ ಮಾಯವಾಗಲು ಇನ್ನೊಂದು ಸಾಮಾನ್ಯ ಕಾರಣ ಜಿಡ್ಡು. ಯಂತ್ರದ ಗ್ರೀಸು, ಲೋಹದ ಪುಡಿ ಎಲ್ಲ ಸೇರಿ ಅಚ್ಚಿನ ತಗ್ಗಿನಲ್ಲಿ ಗಟ್ಟಿಯಾಗಿ ಕೂತರೆ ಲೋಹ ಅಲ್ಲಿಗೆ ನುಗ್ಗಲಾರದೆ ಅಕ್ಷರ ಅರೆಬರೆಯಾಗಿ ಮೂಡುತ್ತದೆ ಅಥವಾ ಮೂಡುವುದೇ ಇಲ್ಲ. ಆ ಜಾಗದ ಮೈ ಸುತ್ತಲಿನ ಬಯಲಿನಂತೆಯೇ ಸಹಜವಾಗಿರುತ್ತದೆ. ಉಜ್ಜಿ ತೆಗೆದ ಅಕ್ಷರದ ಜಾಗದಲ್ಲಾದರೆ ಓರೆ ಬೆಳಕಿನಲ್ಲಿ ಸಮಾನಾಂತರ ಗೀರುಗಳು ಕಾಣುತ್ತವೆ. ಕೂತ ಜಿಡ್ಡಿನ ತುಂಡು ಅಕ್ಷರದ ಆಕಾರದಲ್ಲೇ ಕಳಚಿ ಮುಂದಿನ ಬಿಲ್ಲೆಯ ಮೇಲೆ ಬಿದ್ದು, ಅದರೊಳಗೆ ತಗ್ಗಾದ ಅಕ್ಷರವನ್ನು ಮೂಡಿಸುವ ಅಪರೂಪದ ಪ್ರಸಂಗಗಳೂ ಇವೆ.

ಇಲ್ಲಿ ಭಾರತದ ನಾಣ್ಯಗಳಿಗೆ ವಿಶೇಷವಾದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮಲ್ಲಿ ನಾಣ್ಯ ಒತ್ತುವ ಸರ್ಕಾರಿ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ. ಕೋಲ್ಕತ್ತದ ನಾಣ್ಯಗಳಿಗೆ ಗುರುತೇ ಇಲ್ಲ. ಅಮೆರಿಕದಲ್ಲಿ 1922ರಲ್ಲಿ ಒಂದು ಸೆಂಟಿನ ನಾಣ್ಯ ಒತ್ತಿದ್ದು ಡೆನ್ವರ್ ಟಂಕಸಾಲೆ ಮಾತ್ರ, ಆದ್ದರಿಂದ ಆ ಇಸವಿಯ ಸೆಂಟಿನಲ್ಲಿ ಡೆನ್ವರಿನ ಗುರುತು ಕಾಣದಿದ್ದರೆ ಅದು ಅಚ್ಚಿನ ದೋಷವೆಂದೇ ಅರ್ಥ. ಭಾರತದಲ್ಲಿ ಆ ತರ್ಕ ನಡೆಯುವುದಿಲ್ಲ. ನಕ್ಷತ್ರದ ತಗ್ಗಿನಲ್ಲಿ ಜಿಡ್ಡು ತುಂಬಿದ ಹೈದರಾಬಾದಿನ ನಾಣ್ಯ ನೋಡುವವರಿಗೆ ಕೋಲ್ಕತ್ತದ ನಾಣ್ಯವಾಗಿಯೇ ಕಾಣುತ್ತದೆ. ಗುರುತಿನ ಒಂದು ಮೂಲೆಯಾದರೂ ಉಳಿದಿರಬೇಕು, ಇಲ್ಲವೇ ಅದೇ ಅಚ್ಚಿನಿಂದ ಬಂದ, ಗುರುತು ಸ್ಪಷ್ಟವಿರುವ ಇನ್ನೊಂದು ನಾಣ್ಯದ ಬಿರುಕು ಗೀರುಗಳೊಂದಿಗೆ ಹೋಲಿಕೆ ಸಿಗಬೇಕು. ಇವೆರಡೂ ಇಲ್ಲದೆ ಗುರುತು ತಪ್ಪಿದ ನಾಣ್ಯವೆಂದು ಹೇಳುವುದಕ್ಕೆ ಆಧಾರವಿಲ್ಲ.

ಹೊಸಬರು ಅತಿ ಹೆಚ್ಚು ಎಡವುವುದು ಇಮ್ಮಡಿಯಾಗಿ ಕಾಣುವ ಅಕ್ಷರಗಳ ವಿಷಯದಲ್ಲಿ. ಅಕ್ಷರ ಎರಡೆರಡಾಗಿ ಕಾಣಲು ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ, ಮತ್ತು ಅವುಗಳಲ್ಲಿ ಒಂದಕ್ಕೆ ಮಾತ್ರ ನಿಜವಾದ ಬೆಲೆ.

ಆ ಬೆಲೆಬಾಳುವ ಬಗೆ ಹುಟ್ಟುವುದು ಅಚ್ಚು ತಯಾರಾಗುವಾಗಲೇ. ಹಬ್ ಅನ್ನು ಒಂದೇ ಸಲ ಒತ್ತಿದರೆ ಉಕ್ಕಿನಲ್ಲಿ ವಿನ್ಯಾಸ ಪೂರ್ತಿ ಮೂಡುತ್ತಿರಲಿಲ್ಲವಾದ್ದರಿಂದ, ಒಮ್ಮೆ ಒತ್ತಿ, ಉಕ್ಕನ್ನು ಮತ್ತೆ ಕಾಯಿಸಿ ಮೆದುಮಾಡಿ, ಎರಡನೆಯ ಸಲ ಒತ್ತುವ ಕ್ರಮ ಬಹುಕಾಲ ಇತ್ತು. ಎರಡನೆಯ ಒತ್ತು ಮೊದಲನೆಯದರ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ತಿರುಗಿದರೆ, ಅಚ್ಚಿನಲ್ಲೇ ಎರಡು ಚಿತ್ರಗಳು ಉಳಿಯುತ್ತವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒತ್ತಿದ 1955ರ ಲಿಂಕನ್ ಸೆಂಟಿನಲ್ಲಿ ಇಸವಿಯೂ ಬರಹವೂ ಬರಿಗಣ್ಣಿಗೇ ಎರಡಾಗಿ ಕಾಣುತ್ತವೆ. ದೋಷ ಪತ್ತೆಯಾಗುವ ಹೊತ್ತಿಗೆ 20,000ಕ್ಕೂ ಹೆಚ್ಚು ನಾಣ್ಯಗಳು ಉಳಿದವುಗಳೊಂದಿಗೆ ಬೆರೆತುಹೋಗಿದ್ದರಿಂದ ಅವು ಹಾಗೆಯೇ ಚಲಾವಣೆಗೆ ಬಂದವು. ಇಂಥ ನಾಣ್ಯದಲ್ಲಿ ಎರಡೂ ಚಿತ್ರಗಳು ದುಂಡಾಗಿ, ತುಂಬಿಕೊಂಡು ಮೇಲೆದ್ದಿರುತ್ತವೆ, ಅಕ್ಷರದ ಮೈ ಸಾಮಾನ್ಯಕ್ಕಿಂತ ದಪ್ಪವಾಗಿರುತ್ತದೆ, ಅಕ್ಷರದ ಮೂಲೆಗಳಲ್ಲಿ ಎರಡು ತುದಿಗಳು ಸೀಳಿ ನಡುವೆ ಒಂದು ಕಚ್ಚು ಕಾಣುತ್ತದೆ. ಅಮೆರಿಕದ ಟಂಕಸಾಲೆ 1990ರ ದಶಕದಲ್ಲಿ ಒಂದೇ ಒತ್ತಿನ ಕ್ರಮಕ್ಕೆ ಬದಲಾಯಿತಾದರೂ, ಒತ್ತಿನ ಆರಂಭದಲ್ಲಿ ಉಕ್ಕಿನ ತುಂಡು ಓರೆಯಾಗಿ ಕೂತು ಅನಂತರ ಸರಿಯುವುದರಿಂದ ಸಣ್ಣ ಇಮ್ಮಡಿಗಳು ಈಗಲೂ ಬರುತ್ತಿವೆ; ಅವು ಹೆಚ್ಚಾಗಿ ನಾಣ್ಯದ ನಡುಭಾಗದಲ್ಲಿರುತ್ತವೆ.

ಎರಡನೆಯದು ಯಂತ್ರದ ಅಲುಗಾಟದಿಂದ ಬರುವುದು. ಅಚ್ಚು ನಾಣ್ಯವನ್ನು ಒತ್ತಿ ಮೇಲೇಳುವ ಗಳಿಗೆಯಲ್ಲಿ ಸಡಿಲವಾಗಿ ಪಕ್ಕಕ್ಕೆ ಜಾರಿದರೆ, ಆಗತಾನೇ ಮೂಡಿದ ಅಕ್ಷರದ ಒಂದು ಬದಿಯನ್ನು ತುಳಿದು ಚಪ್ಪಟೆ ಮಾಡುತ್ತದೆ. ಇಲ್ಲಿ ಎರಡನೆಯ ಚಿತ್ರ ದುಂಡಗಿರುವುದಿಲ್ಲ, ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿ, ಬಯಲಿಗೆ ಹತ್ತಿರವಾಗಿ, ಹೊಳಪಾಗಿ ಕಾಣುತ್ತದೆ. ಅಕ್ಷರ ದಪ್ಪವಾಗುವ ಬದಲು ತೆಳ್ಳಗಾಗಿರುತ್ತದೆ, ಏಕೆಂದರೆ ಆ ಮೆಟ್ಟಿಲು ಬಂದಿರುವುದು ಅಕ್ಷರದ್ದೇ ಲೋಹದಿಂದ. ಈ ಅಳತೆಯೊಂದೇ ಹೆಚ್ಚಿನ ಗೊಂದಲವನ್ನು ನಿವಾರಿಸುತ್ತದೆ: ಅಕ್ಷರ ಉಬ್ಬಿ ಅಗಲವಾಗಿದ್ದರೆ ಅಚ್ಚಿನ ಇಮ್ಮಡಿ, ಸವೆದು ಕಿರಿದಾಗಿದ್ದರೆ ಯಂತ್ರದ ಜಾರು. ಎರಡನೆಯದು ಎಲ್ಲ ದೇಶಗಳ ನಾಣ್ಯಗಳಲ್ಲೂ ಹೇರಳವಾಗಿ ಸಿಗುತ್ತದೆ, ಅದಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡುವ ಅಗತ್ಯವಿಲ್ಲ.

ಮೂರನೆಯದು ಸವೆದ ಅಚ್ಚಿನ ನೆರಳು. ಬಹಳ ದುಡಿದ ಅಚ್ಚಿನ ತಗ್ಗುಗಳ ಅಂಚುಗಳು ಲೋಹದ ಹರಿವಿಗೆ ಕೊರೆದುಹೋಗಿ, ಅಕ್ಷರಗಳ ಪಕ್ಕದಲ್ಲಿ ಮಬ್ಬಾದ, ಗಡಿಯೇ ಇಲ್ಲದ ಒಂದು ಊತ ಕಾಣಿಸುತ್ತದೆ. ಸುತ್ತಲಿನ ಬಯಲು ಒರಟಾಗಿ, ಅಂಚಿನ ಕಡೆಗೆ ಎಳೆದಂತಹ ಹರಿವಿನ ಗೆರೆಗಳಿಂದ ತುಂಬಿರುತ್ತದೆ. ಅದೇ 1955ರ ಸೆಂಟುಗಳಲ್ಲಿ ಇಸವಿಯ ಕೊನೆಯ ಐದು ಮಾತ್ರ ಎರಡಾಗಿ ಕಾಣುವ ನಾಣ್ಯಗಳಿವೆ. ಬಡವರ ಇಮ್ಮಡಿ ಅಚ್ಚು ಎಂಬ ಹೆಸರಿನಲ್ಲಿ ಅವನ್ನು ಮಾರುತ್ತಾರೆ, ಆದರೆ ಅವು ಸವೆದ ಅಚ್ಚಿನವು. ಒಂದೇ ದೇಶದ, ಒಂದೇ ಇಸವಿಯ, ಒಂದೇ ಮೌಲ್ಯದ ಈ ಎರಡು ನಾಣ್ಯಗಳ ಬೆಲೆಗಳ ನಡುವೆ ಅಜಗಜಾಂತರವಿರುವುದು ಕಾರಣದ ವ್ಯತ್ಯಾಸದಿಂದಲೇ.

ಅಚ್ಚುಗಳು ಸರಿಯಿದ್ದೂ ಅವುಗಳ ಜೋಡಣೆ ತಪ್ಪಬಹುದು. ಭಾರತ ಗಣರಾಜ್ಯದ ನಾಣ್ಯಗಳಲ್ಲಿ ಎರಡೂ ಬದಿಗಳ ಮೇಲ್ತುದಿ ಒಂದೇ ಕಡೆಗಿರುತ್ತದೆ, ಅಂದರೆ ನಾಣ್ಯವನ್ನು ಪುಸ್ತಕದ ಹಾಳೆ ಮಗುಚುವಂತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ನಿಲ್ಲಬೇಕು. ಹಾಗೆ ನಿಲ್ಲದೆ ಓರೆಯಾಗಿ ಅಥವಾ ತಲೆಕೆಳಗಾಗಿ ಕಂಡರೆ ಒಂದು ಅಚ್ಚು ತಿರುಗಿದೆ ಎಂದರ್ಥ. ಸಣ್ಣ ಓರೆ ಎಲ್ಲೆಡೆಯೂ ಇರುತ್ತದೆ. 90 ಅಥವಾ 180 ಡಿಗ್ರಿ ತಿರುಗಿದ್ದರೆ ಅದನ್ನು ಎತ್ತಿಡಬಹುದು. ಅಮೆರಿಕದ ನಾಣ್ಯಗಳಲ್ಲಾದರೆ ಹಿಂಬದಿ ತಲೆಕೆಳಗಾಗಿರುವುದೇ ನಿಯಮ, ಆದ್ದರಿಂದ ಆ ದೇಶದ ನಾಣ್ಯವನ್ನು ನಮ್ಮ ಅಳತೆಯಿಂದ ನೋಡಿ ದೋಷವೆನ್ನಬಾರದು. ಇದಕ್ಕಿಂತ ಗಂಭೀರವಾದ ತಪ್ಪು, ಒಂದಕ್ಕೊಂದು ಸೇರದ ಎರಡು ಅಚ್ಚುಗಳನ್ನು ಜೋಡಿಸುವುದು. ಬ್ರಿಟನ್ 2008ರಲ್ಲಿ ಇಪ್ಪತ್ತು ಪೆನ್ಸಿನ ವಿನ್ಯಾಸ ಬದಲಿಸಿದಾಗ ಇಸವಿಯನ್ನು ಹಿಂಬದಿಯಿಂದ ರಾಣಿಯ ಮುಖವಿರುವ ಬದಿಗೆ ಸರಿಸಲಾಯಿತು. ಹೊಸ ಹಿಂಬದಿಗೆ ಹಳೆಯ ಮುಂಬದಿಯ ಅಚ್ಚು ಸೇರಿದ್ದರಿಂದ ಎರಡೂ ಬದಿಯಲ್ಲಿ ಇಸವಿಯೇ ಇಲ್ಲದ ನಾಣ್ಯಗಳು ಬ್ರಿಟನ್ನಿನ ಜನರ ಕೈಗೆ ಬಂದವು.

ಒತ್ತಿನ ದೋಷಗಳು ಕಣ್ಣಿಗೆ ಹೆಚ್ಚು ರಾಚುವಂಥವು. ಬಿಲ್ಲೆ ಕಾಲರಿನೊಳಗೆ ಸರಿಯಾಗಿ ಕೂರದೆ ಪಕ್ಕಕ್ಕಿದ್ದಾಗ ಏಟು ಬಿದ್ದರೆ, ವಿನ್ಯಾಸ ಒಂದು ಬದಿಗೆ ಸರಿದು ಇನ್ನೊಂದು ಬದಿಯಲ್ಲಿ ಅರ್ಧಚಂದ್ರಾಕಾರದ ಖಾಲಿ ಜಾಗ ಉಳಿಯುತ್ತದೆ. ನಿಜವಾದ ನಾಣ್ಯದಲ್ಲಿ ಎರಡೂ ಮುಖಗಳ ವಿನ್ಯಾಸ ಒಂದೇ ದಿಕ್ಕಿಗೆ ಸರಿದಿರುತ್ತದೆ. ಒಂದು ಮುಖ ಮಾತ್ರ ಸರಿದಿದ್ದು ಇನ್ನೊಂದು ನೆಟ್ಟಗಿದ್ದರೆ ಬಿಲ್ಲೆಯಲ್ಲ, ಅಚ್ಚು ಪಕ್ಕಕ್ಕೆ ಸರಿದಿದೆ. ವಿನ್ಯಾಸ ಅರ್ಧದಷ್ಟು ತಪ್ಪಿದ್ದೂ ಇಸವಿ ಉಳಿದಿರುವ ನಾಣ್ಯವನ್ನು ಸಂಗ್ರಾಹಕರು ಹೆಚ್ಚು ಮೆಚ್ಚುತ್ತಾರೆ. ಕಾಲರ್ ಮೇಲೇಳದೆ ಹೋದರೆ ಲೋಹವನ್ನು ತಡೆಯುವವರಿಲ್ಲದೆ ನಾಣ್ಯ ಅಗಲವಾಗಿ ಹರಡುತ್ತದೆ, ಅಂಚಿನ ಗೀರುಸಾಲು ಇರುವುದಿಲ್ಲ. ಅಗಲ ಹೆಚ್ಚಿದ್ದೂ ತೂಕ ಸರಿಯಾಗಿಯೇ ಇರುವುದು ಇದರ ಲಕ್ಷಣ.

ನಮ್ಮ ಸಂಗ್ರಾಹಕರು ಲಖಿ ಎಂದು ಕರೆಯುವ ನಾಣ್ಯ ಇವುಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಎಂದು ನನ್ನ ಅಭಿಪ್ರಾಯ. ಒತ್ತಿದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡಿತು ಎನ್ನೋಣ. ಮುಂದಿನ ಬಿಲ್ಲೆ ಬಂದಾಗ ಅದರ ಒಂದು ಮುಖಕ್ಕೆ ಅಚ್ಚಿನ ಬದಲು ಅಂಟಿಕೊಂಡ ನಾಣ್ಯದ ಉಬ್ಬುಚಿತ್ರ ತಾಗುತ್ತದೆ. ಫಲವಾಗಿ ಒಂದು ಮುಖದಲ್ಲಿ ಸರಿಯಾದ ಚಿತ್ರ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ಎಡಬಲ ತಿರುವುಮುರುವಾಗಿ ಮೂಡುತ್ತದೆ. ಅಂಟಿಕೊಂಡ ನಾಣ್ಯ ಏಟಿನ ಮೇಲೆ ಏಟು ತಿಂದು ಚಪ್ಪಟೆಯಾಗುತ್ತ ಹೋಗುವುದರಿಂದ, ಮೊದಲನೆಯ ಲಖಿಯಲ್ಲಿ ಚಿತ್ರ ಚೊಕ್ಕವಾಗಿಯೂ ಮುಂದಿನವುಗಳಲ್ಲಿ ಹಿಗ್ಗಿ ಮಸುಕಾಗಿಯೂ ಇರುತ್ತದೆ. ಎರಡು ನಾಣ್ಯಗಳನ್ನು ವೈಸ್ ಎಂಬ ಬಿಗಿಹಿಡಿಯುವ ಉಪಕರಣದಲ್ಲಿಟ್ಟು ಬಿಗಿದರೂ ತಿರುವುಮುರುವಾದ ತಗ್ಗುಚಿತ್ರ ಬರುತ್ತದೆ. ಆದರೆ ಅಲ್ಲಿ ಮೊದಲೇ ಇದ್ದ ಚಿತ್ರದ ಅವಶೇಷ ತಗ್ಗುಚಿತ್ರದ ಅಡಿಯಲ್ಲಿ ಉಳಿದಿರುತ್ತದೆ, ಮತ್ತು ವೈಸಿನ ದವಡೆಗೆ ತಾಗಿದ ಇನ್ನೊಂದು ಮುಖ ಜಜ್ಜಿ ಚಪ್ಪಟೆಯಾಗಿರುತ್ತದೆ. ಅಸಲಿ ಲಖಿಯ ಸರಿಯಾದ ಮುಖ ಪೂರ್ಣ ಎತ್ತರದಲ್ಲಿ, ಗರಿಗರಿಯಾಗಿ ನಿಂತಿರುತ್ತದೆ.

ಬಿಲ್ಲೆಯ ದೋಷಗಳಿಗೆ ಬರೋಣ. ಲಟ್ಟಿಸಿದ ಹಿಟ್ಟಿನ ಹಾಳೆಯಿಂದ ಲೋಟದ ಬಾಯಲ್ಲಿ ಪೂರಿಗಳನ್ನು ಕತ್ತರಿಸುವಾಗ ಮೊದಲೇ ಕತ್ತರಿಸಿದ ಜಾಗಕ್ಕೆ ಲೋಟ ಸ್ವಲ್ಪ ತಾಗಿದರೆ ಪೂರಿಯ ಒಂದು ಬದಿ ಬಾಗಿ ಕತ್ತರಿಸಿಹೋಗುವಂತೆ, ಲೋಹದ ಹಾಳೆ ಸರಿಯಾಗಿ ಮುಂದೆ ಸರಿಯದಿದ್ದರೆ ಬಿಲ್ಲೆಗೂ ಬಾಗಿದ ಕಚ್ಚು ಬೀಳುತ್ತದೆ. ಹಾಳೆಯ ಕೊನೆಯಲ್ಲಿ ಕತ್ತರಿಸಿದ್ದರೆ ಕಚ್ಚು ನೇರವಾಗಿ ಅಥವಾ ಹರುಕಾಗಿ ಇರುತ್ತದೆ. ಇಂಥ ನಾಣ್ಯವನ್ನು ಕತ್ತರಿಯಿಂದಲೂ ಮಾಡಬಹುದಾದ್ದರಿಂದ ಎರಡು ಗುರುತುಗಳನ್ನು ನೋಡಬೇಕು. ಮೊದಲನೆಯದು, ಕಚ್ಚಿನ ಸರಿಯಾಗಿ ಎದುರಿನ ಅಂಚು ದುರ್ಬಲವಾಗಿರುವುದು: ಬಿಲ್ಲೆಯ ಅಂಚನ್ನು ಎತ್ತರಿಸುವ ಯಂತ್ರ ಎರಡೂ ಕಡೆಯಿಂದ ಒತ್ತುವಾಗ ಕಚ್ಚಿನ ಕಡೆ ಆಧಾರ ಸಿಗದೆ ಎದುರಿನ ಅಂಚಿಗೂ ಒತ್ತಡ ಬೀಳುವುದಿಲ್ಲ. ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಎರಡನೆಯದು, ಕಚ್ಚಿನ ಹತ್ತಿರದ ಅಕ್ಷರಗಳು ಕ್ರಮೇಣ ತೆಳುವಾಗಿ, ಆ ಕಡೆಗೆ ಎಳೆದಂತೆ ಮಾಯವಾಗುವುದು. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಅಕ್ಷರ ಪೂರ್ಣ ಎತ್ತರದಲ್ಲಿದ್ದು ಥಟ್ಟನೆ ತುಂಡಾಗಿರುತ್ತದೆ, ಎದುರಿನ ಅಂಚು ಗಟ್ಟಿಮುಟ್ಟಾಗಿರುತ್ತದೆ.

ಬೇರೆ ಮೌಲ್ಯದ ಬಿಲ್ಲೆಯ ಮೇಲೆ ಒತ್ತಿದ ನಾಣ್ಯವೆಂಬ ಅನುಮಾನ ಬಂದರೆ ಕಣ್ಣಿಗಿಂತ ತಕ್ಕಡಿಯನ್ನು ನಂಬಬೇಕು. 1992ರ ನಂತರದ ದೊಡ್ಡ ಸ್ಟೀಲ್ ರೂಪಾಯಿ 4.85 ಗ್ರಾಂ, ಹನ್ನೊಂದು ಮೂಲೆಯ ಎರಡು ರೂಪಾಯಿ 6 ಗ್ರಾಂ, ತಾಮ್ರ-ನಿಕ್ಕಲಿನ ದಪ್ಪ ಐದು ರೂಪಾಯಿ 9 ಗ್ರಾಂ, ಎರಡು ಲೋಹದ ಹತ್ತು ರೂಪಾಯಿ 7.71 ಗ್ರಾಂ. ನೂರನೇ ಒಂದು ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಗಲ, ದಪ್ಪ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಆಯಸ್ಕಾಂತ ಇದ್ದರೆ ಮನೆಯಲ್ಲೇ ಹೆಚ್ಚಿನ ಪರೀಕ್ಷೆ ಮುಗಿಯುತ್ತದೆ. ನಮ್ಮ ಸ್ಟೀಲ್ ನಾಣ್ಯಗಳು ಫೆರಿಟಿಕ್ ಎಂಬ ಬಗೆಯ ಉಕ್ಕಿನವಾದ್ದರಿಂದ ಆಯಸ್ಕಾಂತಕ್ಕೆ ಅಂಟುತ್ತವೆ, ತಾಮ್ರ-ನಿಕ್ಕಲಿನವು ಅಂಟುವುದಿಲ್ಲ. ಅಮೆರಿಕದಲ್ಲಿ ಯುದ್ಧಕಾಲದ 1943ರ ಸೆಂಟನ್ನು ಸತು ಲೇಪಿಸಿದ ಉಕ್ಕಿನಿಂದ ಮಾಡುತ್ತಿದ್ದಾಗ ಹಿಂದಿನ ವರ್ಷದ ಕೆಲವು ತಾಮ್ರದ ಬಿಲ್ಲೆಗಳೂ ಸೇರಿ ಒತ್ತಲ್ಪಟ್ಟವು. ಅವು ಅತ್ಯಂತ ಅಪರೂಪವಾದ್ದರಿಂದ ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟ ನಕಲಿಗಳು ಬಹಳ, ಆಯಸ್ಕಾಂತ ಹಿಡಿದ ಕೂಡಲೇ ಅವುಗಳ ಗುಟ್ಟು ರಟ್ಟಾಗುತ್ತದೆ.

ಎರಡು ಲೋಹದ ಹತ್ತು ರೂಪಾಯಿಯಲ್ಲಿ ನಡುಬಿಲ್ಲೆಯನ್ನೂ ಹೊರ ಉಂಗುರವನ್ನೂ ಕೂಡಿಸಿ ಒಂದೇ ಏಟಿಗೆ ಒತ್ತುತ್ತಾರೆ. ನಡುಬಿಲ್ಲೆ ಸರಿದಿದ್ದರೆ ಆ ಲೋಹ ಉಂಗುರದ ಮೇಲೆ ಹರಿದಿರುತ್ತದೆ, ವಿನ್ಯಾಸ ಎರಡರ ಮೇಲೂ ತಡೆಯಿಲ್ಲದೆ ಮುಂದುವರಿದಿರುತ್ತದೆ. ನಡುಬಿಲ್ಲೆಯನ್ನು ತಳ್ಳಿ ತೆಗೆದು ಮಗುಚಿ ಕೂರಿಸಿದ ನಾಣ್ಯಗಳು ಮಾರಾಟಕ್ಕೆ ಬರುತ್ತವೆ. ಅವುಗಳ ಕೂಡುಗೆರೆಯ ಸುತ್ತ ತಳ್ಳಿದ ಗೀರು, ಸಡಿಲು ಸಂದಿ ಕಾಣದೆ ಇರುವುದಿಲ್ಲ. ಎರಡೂ ಕಡೆ ಒಂದೇ ಮುಖವಿರುವ ನಾಣ್ಯವೂ ಬಹುಪಾಲು ಎರಡು ನಾಣ್ಯಗಳನ್ನು ಕಡೆದು ಒಂದರೊಳಗೊಂದು ಕೂರಿಸಿದ್ದೇ ಆಗಿರುತ್ತದೆ. ಅಂಚಿನ ಒಳಬದಿಯಲ್ಲಿ ಸುತ್ತಲೂ ಒಂದು ಸಣ್ಣ ಸಂದುಗೆರೆ ಹುಡುಕಿದರೆ ಸಿಗುತ್ತದೆ.

ದೋಷವೇ ಅಲ್ಲದ್ದನ್ನು ದೋಷವೆನ್ನುವ ಅಪಾಯವೂ ಇದೆ. ಐದು ರೂಪಾಯಿಯನ್ನು ತಾಮ್ರ-ನಿಕ್ಕಲಿನಲ್ಲಿಯೂ, 2007ರಲ್ಲಿ ಸ್ಟೀಲಿನಲ್ಲಿಯೂ, ಅನಂತರ ಹಳದಿ ಬಣ್ಣದ ನಿಕ್ಕಲ್-ಹಿತ್ತಾಳೆಯಲ್ಲಿಯೂ ಸರ್ಕಾರವೇ ಹೊರಡಿಸಿದೆ. 1985ರ ರೂಪಾಯಿಗಳಲ್ಲಿ ಬ್ರಿಟನ್ನಿನ ಟಂಕಸಾಲೆಗಳ ಗುರುತುಗಳಿವೆ, 1990ರ ದಶಕದ ಕೊನೆಯ ಕೆಲವು ನಾಣ್ಯಗಳು ಸ್ಲೊವಾಕಿಯಾ, ರಷ್ಯಾ, ದಕ್ಷಿಣ ಆಫ್ರಿಕಾಗಳಲ್ಲಿ ತಯಾರಾಗಿವೆ. ಹತ್ತು ರೂಪಾಯಿಯ 14 ವಿನ್ಯಾಸಗಳೂ ಅಧಿಕೃತವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 1911ರ ಐದನೇ ಜಾರ್ಜ್ ದೊರೆಯ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆ ಗಿಡ್ಡ ಸೊಂಡಿಲಿನಿಂದಾಗಿ ಹಂದಿಯಂತೆ ಕಂಡು ಜನ ಆಕ್ಷೇಪಿಸಿದರು, 1912ರಲ್ಲಿ ಅದನ್ನು ತಿದ್ದಿದ ಅಚ್ಚು ಬಂತು. ಅಲ್ಲಿ ಅಚ್ಚೂ ಯಂತ್ರವೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು, ಎಡವಿದ್ದು ವಿನ್ಯಾಸ. ಆದ್ದರಿಂದ ಅದನ್ನು ಟಂಕಸಾಲೆಯ ತಪ್ಪುಗಳ ಸಾಲಿಗೆ ಸೇರಿಸಲಾಗದು.

ಯಂತ್ರಕ್ಕಿಂತ ಹಿಂದಿನ ನಾಣ್ಯಗಳಿಗಂತೂ ಈ ಅಳತೆಗೋಲೇ ಹೊಂದುವುದಿಲ್ಲ. ಕೈಯಲ್ಲಿ ಸುತ್ತಿಗೆ ಹಿಡಿದು ಒತ್ತಿದ ನಾಣ್ಯಗಳಲ್ಲಿ ಬಿಲ್ಲೆಗಿಂತ ಅಚ್ಚು ದೊಡ್ಡದಾಗಿರುವುದು ಸಾಮಾನ್ಯ, ಬರಹದ ಒಂದು ಭಾಗ ಹೊರಗುಳಿಯುವುದು ಸಹಜ. ಕದಂಬರ ಕಾಲದ ಪದ್ಮಟಂಕಗಳು, ಅಂದರೆ ತಾವರೆ ಮುದ್ರೆಯ ಚಿನ್ನದ ನಾಣ್ಯಗಳು, ಬಟ್ಟಲಿನಂತೆ ಬಾಗಿರುವುದು ಸುತ್ತಲೂ ಬಿಡಿ ಮುದ್ರೆಗಳನ್ನು ಒತ್ತಿದ ಕ್ರಮದಿಂದ. ಟಿಪ್ಪು ಸುಲ್ತಾನ ವರ್ಷ ಎಣಿಸಲು ಬಳಸಿದ ಮೌಲೂದಿ ಎಂಬ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1218 ಎಂಬುದು ನಮ್ಮ ಓದಿಗೆ 8121 ಎಂದು ಕಂಡಾಗ, ಶ್ರೀರಂಗಪಟ್ಟಣದ ಅಚ್ಚು ಕೊರೆಯುವವನು ಅಂಕಿಗಳನ್ನು ಹಿಂದುಮುಂದು ಮಾಡಿದ ಎಂದು ಭಾವಿಸಬಾರದು. ಅದು ಸುಲ್ತಾನನೇ ಜಾರಿಗೆ ತಂದ ಪದ್ಧತಿ.

ಬೆಲೆಯ ವಿಷಯ ಬಂದಾಗ ಎಚ್ಚರ ಇನ್ನಷ್ಟು ಬೇಕು. ಹಳೆಯ ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್ ಕೇಳುವವರಿಗೂ ತನಗೂ ಸಂಬಂಧವಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮಾರುವವನು ಮುಂಗಡ ಹಣ ಕಟ್ಟಬೇಕೆಂಬ ಯಾವ ಮಾತನ್ನೂ ನಂಬಬಾರದು. ದೋಷವಿರುವ ನಾಣ್ಯವನ್ನು ಉಪ್ಪು, ಹುಣಸೆಹಣ್ಣು, ಪೇಸ್ಟುಗಳಿಂದ ತೊಳೆಯಲೂಬಾರದು. ಹರಿವಿನ ಗೆರೆ, ಜಿಡ್ಡಿನ ಅಂಚು, ಬಡಿತದ ಮಸುಕು ರೇಖೆ ಇವೆಲ್ಲ ಮೈಯ ಅತಿ ತೆಳುವಾದ ಪದರದಲ್ಲಿರುವ ಸಾಕ್ಷಿಗಳು, ಒಮ್ಮೆ ಉಜ್ಜಿದರೆ ಮರಳಿ ಸಿಗುವುದಿಲ್ಲ.

ಒಂದು ಅಚ್ಚಿನ ದೋಷವನ್ನು ಮನಸ್ಸಿಟ್ಟು ಬೆನ್ನಟ್ಟಬೇಕೆನ್ನುವವರು ಹೊಸ ಹೊಸ ದೋಷಗಳ ಹಿಂದೆ ಓಡುವ ಬದಲು, ಒಂದೇ ಅಚ್ಚಿನಿಂದ ಬಂದ ಹಲವು ನಾಣ್ಯಗಳನ್ನು ಕೂಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇಸವಿ, ಟಂಕಸಾಲೆಯ ಗುರುತು, ತೂಕ, ಅಚ್ಚುಗಳ ಕೋನ ಇವನ್ನು ಬರೆದಿಟ್ಟು, ಎರಡೂ ಬದಿಗಳನ್ನು ಒಂದೇ ದಿಕ್ಕಿನ ಓರೆ ಬೆಳಕಿನಲ್ಲಿ ಫೋಟೋ ತೆಗೆದಿಡಬೇಕು. ಮೊದಲ ನಾಣ್ಯದಲ್ಲಿ ಬಿರುಕು ಒಂದಕ್ಷರದ ಬುಡದಲ್ಲಿ ನಿಂತಿರುತ್ತದೆ, ಇನ್ನೊಂದರಲ್ಲಿ ಪಕ್ಕದ ಅಕ್ಷರವನ್ನು ಮುಟ್ಟಿರುತ್ತದೆ, ಮತ್ತೊಂದರಲ್ಲಿ ಕವಲೊಡೆದು ಅಂಚಿಗೆ ಮರಳಿರುತ್ತದೆ, ಕೊನೆಯದರಲ್ಲಿ ಆ ಎರಡು ಗೆರೆಗಳ ನಡುವಿನ ಚೂರು ಉದುರಿ ಕಡ್ ಆಗಿರುತ್ತದೆ. ಈ ಕ್ರಮದಲ್ಲಿ ಜೋಡಿಸಿದಾಗ ಯಾವ ನಾಣ್ಯ ಮೊದಲು ಹೊರಬಂತು, ಯಾವುದು ಅನಂತರ ಬಂತು ಎಂದು ಹೇಳಬಹುದು, ಮತ್ತು ನಡುವಿನ ಹಂತವೊಂದು ಕಾಣೆಯಾಗಿದ್ದರೆ ಚಿಲ್ಲರೆಯಲ್ಲಿ ಇನ್ನು ಹುಡುಕಬೇಕಾದ ನಾಣ್ಯ ಯಾವುದೆಂದೂ ಗೊತ್ತಾಗುತ್ತದೆ.